ಔಡಲೆಣ್ಣಿ ಕುಡಿದ ಕೂಸು

ಯುಗಾದಿ ಮುಗಿದು ಎಂಟು ದಿನಕ್ಕೆ ನಮ್ಮ ಮನೆಗೆ ಒಂದು ಕೂಸು ಬಂತು. ತಂದವನು ತಂಗಿಯ ಮಗ, ಅಂದರೆ ನನಗೆ ಅಳಿಯ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಓದುತ್ತಾನೆ ಅನ್ನುವುದು ಅವನ ಹೇಳಿಕೆ, ಫೀ ಕಟ್ಟುತ್ತೇವೆ ಅನ್ನುವುದು ಅವರಪ್ಪನ ಹೇಳಿಕೆ. ಎರಡನೆಯದಕ್ಕೆ ರಸೀದಿ ಇದೆ. ಚೀಲದೊಳಗಿಂದ ಹಳೇ ಬನಿಯನ್ನಿನಲ್ಲಿ ಸುತ್ತಿದ ಗಂಟು ತೆಗೆದ, ಬಿಚ್ಚಿ ಕಟ್ಟೆಯ ಮೇಲೆ ಇಟ್ಟ. ಅಂಗೈಯಲ್ಲಿ ಕೂರುವ ಗಾತ್ರ, ಪೇರಲ ಹಣ್ಣಿನ ತೂಕ, ಕುತ್ತಿಗೆಯ ಸುತ್ತ ನೆರಿಗೆ ನೆರಿಗೆ, ನೆತ್ತಿಯ ಮೇಲೆ ಒಂದು ಅಡ್ಡ ಕಡ್ಡಿ.

ಅವ್ವ ಕನ್ನಡಕ ಏರಿಸಿ ನೋಡಿದಳು. "ಯಾರ ಮನೀ ನಳಾ ಮುರಕೊಂಡು ಬಂದ್ಯೋ?"

"ನಳಾ ಅಲ್ಲ ಅಜ್ಜಿ, ಇಂಜಿನ್! ಇಮಾನದ ಇಂಜಿನ್!"

ನಮ್ಮೂರು ನವಲಗುಂದ ಮತ್ತು ಅಣ್ಣಿಗೇರಿಯ ನಡುವೆ, ಎರೆಹೊಲದ ನಟ್ಟನಡುವೆ ಇದೆ. ಹುಬ್ಬಳ್ಳಿಯ ವಿಮಾನಗಳು ನೆತ್ತಿಯ ಮೇಲೆ ಹೋಗುವುದನ್ನು ಅವ್ವ ದಿನಾ ನೋಡುತ್ತಾಳೆ. ಆದ್ದರಿಂದ ಅವಳು ನಂಬಲಿಲ್ಲ. ಇಷ್ಟು ದೊಡ್ಡ ಆಕಾಶಕ್ಕೆ ಇಷ್ಟು ಸಣ್ಣ ನಳವೇ? ಅಳಿಯ ವಿವರಿಸಿದ: ಇದು ಆಟಿಕೆ ವಿಮಾನದ್ದು, ಒಂದೂವರೆ ಸಿಸಿ, ಹಳೇ ಕಾಲದಲ್ಲಿ ಕಲ್ಕತ್ತೆಯಲ್ಲಿ ತಯಾರಾದದ್ದು. ಎನ್‌ಸಿಸಿ ಏರ್ ವಿಂಗಿನಲ್ಲಿ ಮಕ್ಕಳಿಗೆ ಮಾದರಿ ವಿಮಾನ ಕಲಿಸುತ್ತಿದ್ದ ನಿವೃತ್ತರೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟರಂತೆ. ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ನಲವತ್ತು ವರ್ಷದ ಮುದುಕ, ಆದರೆ ಒಂದು ಸಲವೂ ಉಸಿರಾಡಿಲ್ಲ. ಅಂದರೆ ಕೂಸೇ.

"ಹಂಗಾರ ಇನ್ನ ಬಾಣಂತನ ಆಗಿಲ್ಲ ಅನ್ನು" ಎಂದಳು ಅವ್ವ.

ಅಳಿಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನ ಕೈಯಲ್ಲಿದ್ದ ಹಳೇ ಕಾಗದದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದದ್ದು ಇದೇ ವಿಷಯವಾಗಿತ್ತು: ರನ್ನಿಂಗ್ ಇನ್.

ಈ ರನ್ನಿಂಗ್ ಇನ್ ಎಂಬ ಮಾತು ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹೊಸ ಕಾರು ಕೊಂಡವರು ಹಿಂದಿನ ಗಾಜಿಗೆ 'ರನ್ನಿಂಗ್ ಇನ್' ಅಂತ ಚೀಟಿ ಅಂಟಿಸಿಕೊಂಡು, ಎತ್ತಿನ ಬಂಡಿಗೂ ದಾರಿ ಬಿಟ್ಟು ಹೋಗುತ್ತಿದ್ದರು. ಅರ್ಧ ಯಂತ್ರಕ್ಕೆ ವಿನಯ, ಅರ್ಧ 'ನೋಡ್ರೆಪಾ, ಹೊಸಾದು' ಎಂಬ ಜಂಬ. ಟ್ರ್ಯಾಕ್ಟರ್ ತಂದವರಿಗೆ ಈಗಲೂ ಮೊದಲ 50 ತಾಸು ಭಾರೀ ರಂಟೆ ಹೂಡಬೇಡಿ, ಆಮೇಲೆ ಎಣ್ಣೆ ಬದಲಿಸಿ ಅಂತ ಹೇಳುತ್ತಾರೆ. ಯಾರು ಕೇಳುತ್ತಾರೆ? ಟ್ರ್ಯಾಕ್ಟರ್ ಬಂದ ದಿನ ಪೂಜೆ, ಮರುದಿನ ಊರ ಮಂದಿಯನ್ನೆಲ್ಲ ತುಂಬಿಕೊಂಡು ಯಮನೂರಿಗೆ.

ನಾನೇನು ಕಡಿಮೆಯಲ್ಲ. ಮದುವೆಯಾದ ವರ್ಷ ಒಂದು ಮೋಟಾರ್ ಸೈಕಲ್ ತಂದಿದ್ದೆ. ಮೊದಲ 500 ಕಿಲೋಮೀಟರ್ 40ರ ಮೇಲೆ ಹೋಗಬೇಡಿ ಅಂತ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಹಿಂದೆ ಹೊಸ ಹೆಂಡತಿ ಕೂತಾಗ ದಪ್ಪ ಅಕ್ಷರ ಓದುವವರು ಯಾರು? ಬೆಣ್ಣಿಹಳ್ಳದ ಸೇತುವೆ ದಾಟಿ ಸ್ವಲ್ಪ ಮುಂದೆ ಗಾಡಿ 'ಕಿಂಯ್' ಅಂದು, ಹಿಂದಿನ ಗಾಲಿ ಗಟ್ಟಿಯಾಗಿ ನಿಂತು, ನಾವಿಬ್ಬರೂ ಎರೆಮಣ್ಣಿನ ಅಂಚಿಗೆ ಅಡ್ಡಬಿದ್ದೆವು. ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತು. ಅವಳು ಮೇಲೆದ್ದು ಸೀರೆ ಕೊಡವಿ ಅಂದ ಮಾತು ಇವತ್ತಿಗೂ ಜಗಳ ಬಂದಾಗ ಹೊರಗೆ ಬರುತ್ತದೆ: "ಪುಸ್ತಕದಾಗ ಏನ್ ಬರದಿತ್ತು?"

ಆದ್ದರಿಂದ ಈ ಸಲ ಪುಸ್ತಕ ಓದಿಯೇ ಸೈ ಅಂತ ಕೂತೆವು.

ಮೊದಲ ಪಾಠದಲ್ಲೇ ಮೋಸ. ಹೆಸರು ಡೀಸೆಲ್ ಇಂಜಿನ್. ಆದರೆ ಇದರ ಹೊಟ್ಟೆಗೆ ಡೀಸೆಲ್ ಒಂದು ಹನಿಯೂ ಹೋಗುವುದಿಲ್ಲ. ಹೆಸರು ಮಾತ್ರ ರುಡಾಲ್ಫ್ ಡೀಸೆಲ್‌ನದು. ಆತ 1897ರಲ್ಲಿ ತನ್ನ ಇಂಜಿನ್ ನಡೆಸಿ ತೋರಿಸಿದ ಗುಟ್ಟು ಇಷ್ಟೇ: ಗಾಳಿಯನ್ನು ಜೋರಾಗಿ ಹಿಚುಕಿದರೆ ಅದು ಎಷ್ಟು ಕಾಯುತ್ತದೆಂದರೆ ಕಿಡಿಯ ಹಂಗಿಲ್ಲದೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ನಮ್ಮ ಕೂಸಿನದೂ ಅದೇ ಗುಟ್ಟು. ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ವೈರಿಲ್ಲ. ನೆತ್ತಿಯ ಮೇಲಿನ ಆ ಅಡ್ಡ ಕಡ್ಡಿ ತಿರುಗಿಸಿದರೆ ಒಳಗೆ, ಪಿಸ್ಟನ್ನಿನ ಎದುರಿಗೆ ಇನ್ನೊಂದು ಪುಟ್ಟ ಪಿಸ್ಟನ್ ಕೆಳಗೆ ಇಳಿದು ಜಾಗ ಕಿರಿದಾಗುತ್ತದೆ, ಹಿಚುಕು ಹೆಚ್ಚುತ್ತದೆ. ಅಷ್ಟೇ ಅದರ ವಿದ್ಯೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಇಂಥ ಪುಟಾಣಿ ಡೀಸೆಲ್‌ಗಳ ಹುಚ್ಚು ಹಿಡಿಯಿತು; ಮಿಲ್ಸ್ ಎಂಬ 1.3 ಸಿಸಿಯದು 1946ರಲ್ಲಿ ಬಂತು, ಅದರ ಅಚ್ಚಿನಲ್ಲೇ ಮುಂದೆ ಕಲ್ಕತ್ತೆಯಲ್ಲೂ ತಯಾರಾದವು. ಅದೇ 1946ರಲ್ಲೇ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಶುರುವಾದದ್ದು. ಕಿರ್ಲೋಸ್ಕರ್ ಅಂದರೆ ನಮ್ಮವರೇ; ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಕಡೆಯ ಗುರ್ಲಹೊಸೂರಿನಲ್ಲಿ. ಅವರು ಮೊದಲು ಕಬ್ಬಿಣದ ರಂಟೆ ಮಾಡಿದಾಗ ರೈತರು 'ಕಬ್ಬಿಣ ತಾಗಿದರ ಭೂಮಿಗೆ ವಿಷ' ಅಂತ ಮುಟ್ಟಲಿಲ್ಲವಂತೆ. ಮುಂದೆ ಅದೇ ರೈತರ ಮಕ್ಕಳು ಡೀಸೆಲ್ ಇಂಜಿನ್ನಿನ 'ಕುಕ್ ಕುಕ್' ಕೇಳದೆ ನಿದ್ದೆ ಬರುವುದಿಲ್ಲ ಅನ್ನುವಷ್ಟು ಬದಲಾದರು. ನಮ್ಮೂರ ಹಿಟ್ಟಿನ ಗಿರಣಿಯ ಇಂಜಿನ್ನಿಗೆ ಯಾರು ಮಾಡಿದರೂ 'ಪೀಟರ್' ಅಂತಲೇ ಹೆಸರು.

ಸರಿ, ಹೊಟ್ಟೆಗೆ ಏನು? ಮೂರು ಪಾಲು: ಒಂದು ಪಾಲು ಈಥರ್, ಒಂದು ಪಾಲು ಚಿಮಣಿ ಎಣ್ಣಿ, ಒಂದು ಪಾಲು ಔಡಲೆಣ್ಣಿ.

ಔಡಲೆಣ್ಣಿ ಅಂದಕೂಡಲೇ ಅವ್ವನ ಕಿವಿ ನೆಟ್ಟಗಾದವು. ಇಷ್ಟು ಹೊತ್ತು ಅದು ಗಂಡಸರ ಹುಚ್ಚಾಗಿತ್ತು. ಈಗ ಅವಳ ಇಲಾಖೆಗೆ ಬಂತು. ನಮ್ಮೂರಲ್ಲಿ ಅವಳು ಎಣ್ಣೆ ತಿಕ್ಕಿ ಎರೆದ ಕೂಸುಗಳು ಎಷ್ಟೋ. ಅವುಗಳಲ್ಲಿ ಕೆಲವು ಈಗ ಅಜ್ಜಂದಿರು. ಹೊಟ್ಟೆ ಕಟ್ಟಿದ ಕೂಸಿಗೆ ನಾಲಿಗೆಗೆ ಔಡಲೆಣ್ಣಿ, ಹೊಕ್ಕಳಿಗೆ ಔಡಲೆಣ್ಣಿ, ನೆತ್ತಿಗೆ ಔಡಲೆಣ್ಣಿ. ಮದ್ದು ಒಂದೇ, ತೂತು ಬೇರೆ.

"ನಾ ಹೇಳಲಿಲ್ಲೇನು, ಬಾಣಂತನ ಅಂತ!" ಎಂದು ಕೋಣೆಗೆ ಹೋಗಿ ಗಾಣದ ಎಣ್ಣೆಯ ಬಾಟಲಿ ತಂದಿಟ್ಟಳು.

ಔಡಲೆಣ್ಣೆಯ ಮಹಿಮೆ ಸಣ್ಣದಲ್ಲ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ರೋಟರಿ ಅಂತ ಒಂದು ಜಾತಿಯ ಇಂಜಿನ್ ಇತ್ತು. ಫ್ಯಾನಿನ ಜೊತೆಗೆ ಇಂಜಿನ್ನೂ ಗಿರಗಿರ ತಿರುಗುತ್ತಿತ್ತು. ಪೆಟ್ರೋಲಿನಲ್ಲಿ ಕರಗಿಹೋಗದ ಎಣ್ಣೆ ಅದಕ್ಕೆ ಬೇಕಿತ್ತು, ಅದು ಔಡಲೆಣ್ಣೆ. ಕುಡಿದ ಎಣ್ಣೆಯನ್ನು ಇಂಜಿನ್ನು ಹಿಂದಕ್ಕೆ ಉಗುಳುತ್ತಿತ್ತು. ಹಿಂದೆ ಕೂತವನು ಯಾರು? ಪೈಲಟ್. ಮುಖ, ಮೂಗು, ಬಾಯಿ ಎಲ್ಲ ಔಡಲೆಣ್ಣೆ. ಮುಗಿಲಲ್ಲಿ ಶತ್ರುವಿಗಿಂತ ಮೊದಲು ಹೊಟ್ಟೆಯೇ ಯುದ್ಧ ಹೂಡುತ್ತಿತ್ತು ಅಂತ ಹೇಳುತ್ತಾರೆ. ಕ್ಯಾಸ್ಟ್ರಾಲ್ ಎಂಬ ಎಣ್ಣೆಯ ಹೆಸರು 1909ರಲ್ಲಿ ಹುಟ್ಟಿದ್ದೇ ಔಡಲದ ಇಂಗ್ಲಿಷ್ ಹೆಸರು ಕ್ಯಾಸ್ಟರ್‌ನಿಂದ. ಬೇರೆ ಎಣ್ಣೆಗಳು ಕಾದಾಗ ತೆಳ್ಳಗಾಗಿ ಓಡಿಹೋಗುತ್ತವೆ. ಔಡಲೆಣ್ಣೆ ಕಾದಷ್ಟೂ ಲೋಹಕ್ಕೆ ಅಂಟಿಕೊಂಡು ಕೂರುತ್ತದೆ. ಹಾಗೇ ಬಿಟ್ಟರೆ ಬೆಲ್ಲದ ಪಾಕದಂತೆ ಕಂದುಗಟ್ಟಿ ಅಂಟಾಗುವುದೂ ಅದರದೇ ಗುಣ. ನೆಂಟರಲ್ಲಿಯೂ ಹಾಗೆ ಕೆಲವರಿರುತ್ತಾರೆ.

ಇದನ್ನು ಅಳಿಯ ಅವ್ವನಿಗೆ ಹೇಳಿದಾಗ ಅವಳು ಬೆರಗಾಗಲಿಲ್ಲ. "ಇಮಾನ ಹಾರಸಾವ್ರಾದ್ರೇನು, ಹೊಟ್ಟಿ ಎಲ್ಲಾರಿಗೂ ಒಂದ" ಅಂದಳು.

ಚಿಮಣಿ ಎಣ್ಣಿ ಸಿಗುವುದು ಈಗ ದುಸ್ತರ. ರೇಷನ್ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತ ಕಾಲ ಹೋಯಿತು. ಅತ್ತೆಯ ಮನೆಯ ಅಟ್ಟದ ಮೇಲೆ, ಲೈಟು ಹೋದಾಗ ಬೇಕಾದೀತು ಅಂತ ಎತ್ತಿಟ್ಟ ಒಂದು ಸೀಸೆ ಸಿಕ್ಕಿತು. ಈಥರ್ ಮಾತ್ರ ನಮ್ಮನ್ನು ನಾಲ್ಕು ಊರು ತಿರುಗಿಸಿತು. ಔಷಧದಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರನ್ನ ಮೂರ್ಛೆ ತಪ್ಪಸೂದೈತಿ ಸಾರ್?" ಅಂದ. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇದನ್ನೇ ಮೂಸಿಸಿ ರೋಗಿಗೆ ನೋವಿಲ್ಲದೆ ಕೊಯ್ದು ತೋರಿಸಿದ್ದು ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. "ಯಾರನ್ನೂ ಅಲ್ಲ, ಒಂದು ಇಂಜಿನ್ನನ್ನ ಎಬ್ಬಿಸೂದೈತಿ" ಅಂದೆ. ಅವನು ಪಕ್ಕದ ಹುಡುಗನಿಗೆ ಕಣ್ಣು ಹೊಡೆದ. ಕೊನೆಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಕಾಲೇಜಿನ ಪತ್ರ ತೋರಿಸಿ ಅಳಿಯ ಒಂದು ಬಾಟಲಿ ತಂದ. ಓದುವುದಕ್ಕೆ ಸೇರಿದ್ದರಿಂದ ಆದ ಮೊದಲ ಉಪಯೋಗ ಅಂತ ಅವರಪ್ಪ ಬರೆದಿಟ್ಟುಕೊಳ್ಳಬಹುದು.

ಇಲ್ಲಿ ನವಲಗುಂದದ ಬಿಸಿಲಿನ ಕಥೆ ಬರುತ್ತದೆ. ಈಥರ್ ಕುದಿಯುವುದು 35 ಡಿಗ್ರಿಗೆ. ನಮ್ಮಲ್ಲಿ ಯುಗಾದಿಯ ನಂತರ ಮಧ್ಯಾಹ್ನದ ನೆರಳೇ ಅದಕ್ಕಿಂತ ಕಾದಿರುತ್ತದೆ. ಅಂದರೆ ಇಂಗ್ಲೆಂಡಿನವರು ಬರೆದ ಪುಸ್ತಕದಂತೆ ಊಟ ಮುಗಿಸಿ ಸಾವಕಾಶ ಮುಚ್ಚಳ ತೆಗೆದರೆ, ಬಾಟಲಿಯೊಳಗೆ ಸಾರು ಕುದಿಯುತ್ತದೆ. ಒಲೆ ಎಲ್ಲಿದ್ದರೂ ಆವಿ ನೆಲ ಹಿಡಿದು ಅಲ್ಲಿಗೆ ಹರಿದು ಹೋಗಿ ಬೆಂಕಿಯನ್ನು ಕರೆದುಕೊಂಡು ಬರುತ್ತದೆ. ಆದ್ದರಿಂದ ಬಾಟಲಿಯನ್ನು ಹಗೇವಿನ ಪಕ್ಕದ ತಂಪು ಕೋಣೆಯಲ್ಲಿ, ಒದ್ದೆ ಗೋಣಿಯೊಳಗೆ ಇಟ್ಟೆವು. ಕೆಲಸವೆಲ್ಲ ಬೆಳಗಿನ ಆರರೊಳಗೆ, ಬಯಲಲ್ಲಿ, ಒಲೆ ಹೊತ್ತಿಸುವ ಮೊದಲು. ಬೀಡಿ ಸೇದುವವರಿಗೆ ಬೇಲಿಯ ಆಚೆ ಜಾಗ. ಬೆರೆಸುವುದರಲ್ಲೂ ಒಂದು ತಮಾಷೆ ಇದೆ. ಚಿಮಣಿ ಎಣ್ಣೆಗೂ ಔಡಲೆಣ್ಣೆಗೂ ಆಗಿಬರುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ, ಮುಖ ತಿರುಗಿಸಿ ಕೂರುತ್ತವೆ. ಈಥರ್ ನಡುವೆ ಬಂದರೆ ಇಬ್ಬರೂ ಕರಗುತ್ತಾರೆ. ಬೀಗರ ಮಧ್ಯೆ ಹೋಗಿ ಕೂತು ಮಾತು ಕೂಡಿಸುವ ಹಿರಿಯನಿದ್ದ ಹಾಗೆ. ಹಿರಿಯ ಎದ್ದು ಹೋದರೆ, ಅಂದರೆ ಮುಚ್ಚಳ ಸಡಿಲವಿದ್ದು ಈಥರ್ ಹಾರಿಹೋದರೆ, ಮತ್ತೆ ಜಗಳ.

ಇನ್ನು ತೊಟ್ಟಿಲು. ಇಂಜಿನ್ನನ್ನು ಗಟ್ಟಿ ಮರದ ಎರಡು ಪಟ್ಟಿಗಳ ನಡುವೆ ಬೋಲ್ಟು ಹಾಕಿ ಬಿಗಿಯಬೇಕು. ವೈಸಿನಲ್ಲಿ ಹೊಟ್ಟೆ ಹಿಡಿದು ಅಮುಕಿದರೆ ಅಲ್ಯುಮಿನಿಯಂ ಸೊಟ್ಟಾಗಿ ಜನ್ಮ ಹಾಳು. ಕಲಘಟಗಿಯಲ್ಲಿ ನಮ್ಮ ದಾಯಾದಿಯೊಬ್ಬರಿದ್ದಾರೆ. ಅವರ ಬೀದಿಯಲ್ಲೇ ಬಣ್ಣದ ತೊಟ್ಟಿಲು ಮಾಡುವವರು. ಕಲಘಟಗಿ ತೊಟ್ಟಿಲು ಅಂದರೆ ಗೊತ್ತಲ್ಲ, ಸಾಗವಾನಿ ಮರದ ಮೇಲೆ ಅರಗಿನ ಬಣ್ಣ, ರಾಮಾಯಣ ಮಹಾಭಾರತದ ಚಿತ್ರ, ಬಾಣಂತಿಯ ತವರಿನವರು ಜಂಬದಿಂದ ಹೊತ್ತು ತರುವಂಥದು. ತೊಟ್ಟಿಲಿನ ಕಾಲು ಕೊರೆದು ಉಳಿದ ತುಂಡು ಒಂದನ್ನು ದಾಯಾದಿ ಬಸ್ಸಿನಲ್ಲಿ ಕಳಿಸಿದರು. ಒಂದು ಮೂಲೆಯಲ್ಲಿ ಕೆಂಪು ಅರಗು ಇನ್ನೂ ಇತ್ತು, ಅದರಲ್ಲಿ ಯಾರದೋ ಪಾದ. ರಾಮನದೋ, ಮಂಥರೆಯದೋ ಹೇಳುವುದು ಕಷ್ಟ. ಅದನ್ನು ಹಳೇ ಕೂರಿಗೆಯ ದಿಂಡಿಗೆ ಬಿಗಿದು, ದಿಂಡನ್ನು ಕಣದ ಮೇಟಿಯ ಬುಡಕ್ಕೆ ಕಟ್ಟಿದೆವು. ಫ್ಯಾನು 8 ಇಂಚು ಉದ್ದ, ಪಿಚ್ 4 ಇಂಚು. ಅಂದರೆ ಮರದಲ್ಲಿ ಸ್ಕ್ರೂ ಇಳಿದ ಹಾಗೆ ಗಾಳಿಯಲ್ಲಿ ಒಂದು ಸುತ್ತಿಗೆ ನಾಲ್ಕು ಇಂಚು ಮುಂದೆ ಹೋಗಬೇಕು ಅಂತ ಲೆಕ್ಕ. ನಮ್ಮ ಮೇಟಿ ಮಾತ್ರ ಎಲ್ಲೂ ಹೋಗುವುದಿಲ್ಲ.

ಧೂಳು ದೊಡ್ಡ ವೈರಿ. ಬೇಸಿಗೆಯ ಎರೆಧೂಳು ಅಂದರೆ ಪೌಡರಿಗಿಂತ ನಯ. ಅದು ಉಸಿರಿನ ದಾರಿಯಲ್ಲಿ ಒಳಹೊಕ್ಕರೆ ಉಕ್ಕನ್ನು ತಿಂದುಹಾಕುತ್ತದೆ. ಅವ್ವ ಕಣಕ್ಕೆ ಸೆಗಣಿ ನೀರು ಹೊಡೆಸಿದಳು, ಸುತ್ತ ಒಂದು ಹಳೇ ಸೀರೆಯ ಮರೆ ಕಟ್ಟಿಸಿದಳು. ಜಮಖಾನೆ ಹಾಸಲೇ ಅಂತ ಕೇಳಿದ್ದೂ ಅವಳೇ, ನವಲಗುಂದದ್ದು, ನವಿಲಿನ ಚಿತ್ರ ಇದ್ದದ್ದು. ಎಣ್ಣೆ ಸಿಡಿಯುತ್ತದೆ ಅಂತ ಬೇಡವೆಂದೆವು. ಮರೆ ಕಟ್ಟಿದ ಮೇಲೆ ಊರಿನಲ್ಲಿ ಸುದ್ದಿ ಹರಡಿತು: ಮಾಸ್ತರ ಮನ್ಯಾಗ ಏನೋ ಹಡೆದೈತಿ.

ಮೊದಲ ದಿನ ಜನ ಜಾತ್ರೆ. ಅಳಿಯ ಸೂಜಿ ಸ್ಕ್ರೂ ಮೂರು ಸುತ್ತು ಬಿಚ್ಚಿದ. ಈ ಸೂಜಿಯೇ ಎಣ್ಣೆ ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಯಜಮಾನ. ಗಾಳಿ ಎಳೆಯುವ ಬಾಯಿಗೆ ಬೆರಳಿಟ್ಟು ಫ್ಯಾನನ್ನು ಎರಡು ಸುತ್ತು ತಿರುಗಿಸಿದ. ನಳಿಕೆಯಲ್ಲಿ ಎಣ್ಣೆ ಮೆಲ್ಲಗೆ ಏರಿ ಬಂತು. "ನೋಡ್ ನೋಡ್, ಹಾಲು ಎಳೀತು" ಅಂದಳು ಅವ್ವ. ಆಮೇಲೆ ಬೆರಳಿನಿಂದ ಫ್ಯಾನಿಗೆ ಚಟ್ಟಂತ ಹೊಡೆತ. ಏನೂ ಇಲ್ಲ. ನೆತ್ತಿಯ ಕಡ್ಡಿ ಕಾಲು ಸುತ್ತು ಬಿಗಿ. ಹೊಡೆತ. ಏನೂ ಇಲ್ಲ. ಮತ್ತೆ ಸ್ವಲ್ಪ ಬಿಗಿ. ಹೊಡೆತ. 'ಪುಕ್' ಅಂತ ಒಂದು ಬಿಳಿ ಹೊಗೆ; ಕೂಡಲೇ ಫ್ಯಾನು ಹಿಂದಕ್ಕೆ ತಿರುಗಿ ಅವನ ಬೆರಳಿನ ಗೆಣ್ಣಿಗೆ ಕೊಟ್ಟ ಪೆಟ್ಟಿಗೆ ಅವನು ಕಣದ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಮೇಟಿಯ ಸುತ್ತ ತಿರುಗಿದ ಎತ್ತು ಕೂಡ ಅಷ್ಟು ಭಕ್ತಿಯಿಂದ ತಿರುಗಿರಲಿಕ್ಕಿಲ್ಲ. ಪಂಚಾಯ್ತಿಯ ಸದಸ್ಯರೊಬ್ಬರು "ಹಗ್ಗ ಸುತ್ತಿ ಜಗ್ಗ್ರಿ, ಇಲ್ಲಾಂದ್ರ ನಮ್ಮ ಪೀಟರ್ ಇಂಜಿನ್ ಗತೆ ಹ್ಯಾಂಡಲ್ ಹಾಕ್ರಿ" ಅಂದರು. ವೆಲ್ಡಿಂಗ್ ಶಾಪಿನವನು "ಡೀಸೆಲ್ ಹಾಕ್ರಿ ಸಾರ್, ಡೀಸೆಲ್ ಇಂಜಿನ್ನಿಗೆ ಔಡಲೆಣ್ಣಿ ಯಾರ ಹಾಕ್ತಾರ?" ಅಂತ ನಕ್ಕ. ನಮ್ಮೂರಲ್ಲಿ ಮಳೆ ಇರದಿರಬಹುದು, ಸಲಹೆಗೆ ಎಂದೂ ಬರಗಾಲವಿಲ್ಲ.

ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು ಅಳಿಯ ಮತ್ತೆ ಕೂತ. ಮೂವತ್ತನೆಯದೋ ನಲವತ್ತನೆಯದೋ ಹೊಡೆತಕ್ಕೆ ಪುಕ್, ಪುಕ್ ಪುಕ್, ಪುರ್ರ್... ಕೂಸು ಅತ್ತಿತು! ಇಡೀ ಕಣ ಚಪ್ಪಾಳೆ. ಫ್ಯಾನು ಕಾಣದಂತಾಗಿ ಬರೀ ಒಂದು ಮಂಜಿನ ತಟ್ಟೆ. ಬದಿಯ ತೂತಿನಿಂದ ಕಪ್ಪು ಬೂದು ಎಣ್ಣೆ ಚಿಮ್ಮಿ ನನ್ನ ಬಿಳಿ ಧೋತರದ ಮೇಲೆ ನಕ್ಷತ್ರ ಬಿಡಿಸಿತು. ಹಳೇ ದವಾಖಾನೆ, ಹಳೇ ಚಿಮಣಿ, ಹಳೇ ಬಾಣಂತಿ ಕೋಣೆ ಮೂರರ ವಾಸನೆ ಒಮ್ಮೆಲೇ.

ಒಂದು ನಿಮಿಷ ಆಗುತ್ತಲೇ ಅಳಿಯ ಕೊಳವೆ ಒತ್ತಿ ನಿಲ್ಲಿಸಿಬಿಟ್ಟ.

"ಯಾಕೋ?" ಅಂತ ಐವತ್ತು ಕಂಠ. ಹಿಂದೆ ಇದ್ದವರು ಇನ್ನೂ ಮುಂದೆ ಬಂದಿರಲಿಲ್ಲ.

"ಅಷ್ಟ. ಇನ್ನ ಪೂರ್ತಿ ಆರಬೇಕು, ಆಮ್ಯಾಲೆ ಮತ್ತೊಂದು ನಿಮಿಷ."

ಜನರಿಗೆ ಆದ ನಿರಾಶೆಯನ್ನು ಏನು ಹೇಳಲಿ! ತಾಸುಗಟ್ಟಲೆ ಕಾದು ಒಂದು ನಿಮಿಷದ ಆಟ. ಮರುದಿನ ಕಣದಲ್ಲಿ ಉಳಿದದ್ದು ನಾವು ಮೂವರು ಮತ್ತು ಒಂದು ನಾಯಿ.

ಒಳಗೆ ನಡೆಯುವುದು ಏನು ಅಂತ ಅವ್ವನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಎರಕದ ಕಬ್ಬಿಣದ ಪಿಸ್ಟನ್, ಉಕ್ಕಿನ ಸಿಲಿಂಡರು. ಇಬ್ಬರ ನಡುವಿನ ಸಂದು ಕೆಲವೇ ಮೈಕ್ರಾನ್, ಒಂದು ತಲೆಗೂದಲಿನ ದಪ್ಪದಲ್ಲಿ ಹತ್ತಾರು ಪಾಲಿನಲ್ಲಿ ಒಂದು. ರಿಂಗಿಲ್ಲ, ಹೊಂದಿಕೆಯೇ ರಿಂಗು. ಕಣ್ಣಿಗೆ ಕನ್ನಡಿಯಂತೆ ಕಂಡರೂ ಒಳಗೆ ಯಂತ್ರ ಕೊರೆದ ಸಣ್ಣ ಸಣ್ಣ ಗೀರು. ಅವು ಪರಸ್ಪರ ಉಜ್ಜಿ ನುಣುಪಾಗಬೇಕು. ಕಾದಾಗ ಹಿಗ್ಗಿ ಆರಿದಾಗ ಕುಗ್ಗಿ, ಹೀಗೆ ಹತ್ತಾರು ಸಲ ಆದ ಮೇಲೆಯೇ ಕಬ್ಬಿಣದೊಳಗಿನ ಬಿಗು ಬಿಟ್ಟು ಆಕಾರ ನೆಲೆಗೊಳ್ಳುವುದು. ಒಮ್ಮೆಲೇ ತಾಸುಗಟ್ಟಲೆ ಓಡಿಸಿದರೆ ಅದು ಪಳಗುವುದಿಲ್ಲ, ಕಚ್ಚಿಕೊಳ್ಳುತ್ತದೆ. ಸೂಜಿ ಹೆಚ್ಚೇ ಬಿಚ್ಚಿ, ಎಣ್ಣೆ ಧಾರಾಳ ಕುಡಿಸಿ, ಹಿಚುಕು ಕಡಿಮೆ ಇಟ್ಟು, ತೊದಲುತ್ತ ಓಡಿಸಬೇಕು. ಇಷ್ಟನ್ನು ನಾನು ಮಾಸ್ತರಿಕೆಯಿಂದ ಕಾಲು ಗಂಟೆ ಹೇಳಿದೆ.

ಅವ್ವ ಕೇಳಿದಳು: "ಬೀಸೂಕಲ್ಲಿಗೆ ಮುಳ್ಳು ಹಾಕಿಸಿದ ಮ್ಯಾಲೆ ಮೊದಲನೇ ಹಿಟ್ಟು ಮಂದಿ ತಿನ್ನೂದಿಲ್ಲಲ್ಲ, ಹಂಗ?"

ಹಾಗೇ. ಆ ಕಪ್ಪು ಎಣ್ಣೆಯೇ ಮೊದಲನೇ ಹಿಟ್ಟು. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಎಣ್ಣೆ ತಿಳಿಯಾಗುತ್ತ ಬಂದರೆ ಕಲ್ಲು ಪಳಗಿತು ಅಂತ. ನನ್ನ ಕಾಲು ಗಂಟೆಯನ್ನು ಅವಳು ಒಂದು ಸಾಲಿನಲ್ಲಿ ಬೀಸಿ ಹಾಕಿದಳು.

ಅಂದಿನಿಂದ ಬಿಳಿ ಚಿಂದಿ ಬಟ್ಟೆಯೊಂದನ್ನು ದಿನಾ ತೂತಿನ ಮುಂದೆ ಹಿಡಿದು, ಕಲೆ ನೋಡಿ, ಒಣಗಿಸಿ, ತಾರೀಖಿನ ಪ್ರಕಾರ ಹಗ್ಗಕ್ಕೆ ನೇತು ಹಾಕತೊಡಗಿದಳು. ದೂರದಿಂದ ನೋಡಿದವರಿಗೆ ಕೂಸಿನ ದುಪಟಿಗಳೇ.

ಮೂರನೇ ದಿನಕ್ಕೆ ಕುಂದಗೋಳದ ಮಾವ ಬಂದರು. ಅವರಿಗೆ ಜಗತ್ತಿನಲ್ಲಿ ಎಲ್ಲ ವಿಷಯವೂ ಸವಾಯಿ ಗಂಧರ್ವರಲ್ಲಿ ಶುರುವಾಗಿ ಅವರಲ್ಲೇ ಮುಗಿಯುತ್ತದೆ. ಮೆಣಸಿನಕಾಯಿ ದರದ ಬಗ್ಗೆ ಕೇಳಿದರೂ ನಾಡಗೇರ ವಾಡೆಯ ಸಂಗೀತಕ್ಕೆ ಬಂದು ನಿಲ್ಲುತ್ತಾರೆ. ಕಣದಲ್ಲಿ ಕೂತು ಒಂದು ನಿಮಿಷದ ಓಟ ಕೇಳಿ ಕಣ್ಣು ಮುಚ್ಚಿದರು.

"ವಿಲಂಬಿತ್" ಅಂದರು.

"ಮಾವಾ, ಅದು ನಿಮಿಷಕ್ಕೆ ಐದು ಸಾವಿರ ಸುತ್ತು ತಿರಗಾಕತ್ತೈತಿ!"

"ತಿರಗಲಿ. ಅದರ ಪಾಲಿಗೆ ಅದು ವಿಲಂಬಿತ್. ಭೀಮಸೇನ ಜೋಶಿ 1936ರಾಗ ಕುಂದಗೋಳಕ್ಕ ಬಂದಾಗ ಗುರುಗಳು ಏನ್ ಮಾಡಿದ್ರು ಗೊತ್ತೈತೇನು? ಮೊದಲ ನೀರ ಹೊರಿಸಿದ್ರು. ಆಮ್ಯಾಲೆ ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಾಗ ಬಂದು ಹೋಗಿ ಕಲಿತಳು. ಒಂದ ತಾನ ಸಾವಿರ ಸಲ. ಇದು ರನ್ನಿಂಗ್ ಇನ್ ಅಲ್ಲದ ಮತ್ತೇನೋ?"

ನಾನು ಸುಮ್ಮನಾದೆ. ಆದರೆ ಮಾವ ಬರೀ ಮಾತಿನವರಲ್ಲ ಅಂತ ಮರುದಿನ ಗೊತ್ತಾಯಿತು. ಅಳಿಯನ ಬಳಿ ಸುತ್ತು ಎಣಿಸುವ ಮೀಟರು ಇರಲಿಲ್ಲ. ಮಾವ ಭಜನಾ ಮಂಡಳಿಯ ಹಾರ್ಮೋನಿಯಂ ಹೊರಿಸಿಕೊಂಡು ಬಂದರು. ಇಂಜಿನ್ ಓಡಿತು, ಅವರು ಕೀಲಿಮಣೆಯಲ್ಲಿ ಹುಡುಕಿ ಹುಡುಕಿ ಒಂದು ಸ್ವರ ಹಿಡಿದರು: ಮಂದ್ರದ ಕಪ್ಪು ಮೂರು. ಅಳಿಯ ಲೆಕ್ಕ ಹಾಕಿದ. ಇದು ಎರಡು ಸ್ಟ್ರೋಕಿನ ಇಂಜಿನ್, ಸುತ್ತಿಗೊಂದು ಸಿಡಿತ. ಆ ಸ್ವರ ಸೆಕೆಂಡಿಗೆ 92.5 ಕಂಪನ, ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ 5,550 ಸುತ್ತು. ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಯಾರೂ ಅವನಿಗೆ ಹಾರ್ಮೋನಿಯಂ ಒಂದು ಮೀಟರು ಅಂತ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಬಾಣಂತನ ಮತ್ತು ತಾಲೀಮು ಒಟ್ಟಿಗೆ ನಡೆದವು. ದಿನಕ್ಕೆ ಆರು ಓಟ. ಮೊದಲೆರಡು ದಿನ ಒಂದೊಂದು ನಿಮಿಷ, ಆಮೇಲೆ ಎರಡು, ಆಮೇಲೆ ಮೂರು. ಓಟದ ನಡುವೆ ಮೈ ಮುಟ್ಟಿದರೆ ತಣ್ಣಗಿರುವಷ್ಟು ಬಿಡುವು. ಆರಿದೆಯೋ ಇಲ್ಲವೋ ಅಂತ ಮುಟ್ಟಿ ಹೇಳುವ ಅಧಿಕಾರ ಅವ್ವನದು, ಜ್ವರ ನೋಡಿದಂತೆ ಹಿಂಗೈಯಿಂದ. ದಿನವೂ ಸೂಜಿ ಒಂದು ಕೂದಲಷ್ಟು ಬಿಗಿ. ಮಾವನ ವರದಿ: ಇವತ್ತು ಪಂಚಮಕ್ಕ ಮುಟ್ಟಿತು. ಇವತ್ತು ಧೈವತ. ಸ್ವರ ಏರಿ ಮತ್ತೆ ಓಟದ ಕೊನೆಗೆ ಕುಸಿದರೆ "ಕಂಠ ಬಿಗೀತು, ನಿಲ್ಲಸು" ಅನ್ನುತ್ತಿದ್ದರು. ಅದು ನಿಜಕ್ಕೂ ಸರಿ. ಕಾದು ಬಿಗಿಯಾದ ಇಂಜಿನ್ನು ಮೊದಲು ಸುತ್ತು ಕಳೆದುಕೊಳ್ಳುತ್ತದೆ, ಆಮೇಲೆ ಮರ್ಯಾದೆ.

ನಡುವೆ ನನ್ನ ಕೈಯಿಂದ ಒಂದು ಅನಾಹುತ ಆಗುವುದರಲ್ಲಿತ್ತು. ಅಳಿಯ ಪರೀಕ್ಷೆಗೆ ಹೋದ ದಿನ, ನಾನೂ ಒಂದು ಕೈ ನೋಡೋಣ ಅಂತ ಕೂತೆ. ಹೊತ್ತಲಿಲ್ಲ. ಎಣ್ಣೆ ಸಾಲದೇನೋ ಅಂತ ಬೆರಳಿಟ್ಟು ಎಳೆಸಿದೆ, ಮತ್ತೆ ಎಳೆಸಿದೆ, ಬಾಯಿಗೂ ನಾಲ್ಕು ಹನಿ ಬಿಟ್ಟೆ. ಫ್ಯಾನು ಅರ್ಧಕ್ಕೆ ಬಂದು ಕಲ್ಲಿನಂತೆ ನಿಂತಿತು. ನಾನು ಮದುವೆಯ ವರ್ಷದ ಹುರುಪಿನಲ್ಲಿ ತೋಳು ಏರಿಸಿ ಜಗ್ಗಲು ಹೊರಟೆ.

"ಬಿಡು ಅದನ್ನ!" ಅಂತ ಅವ್ವ ಗದರಿದಳು. "ಕುತ್ತಿಗಿ ಮಟ ಕುಡಿಸೀದಿ. ಕಕ್ಕಸು ಮೊದಲ."

ಆಮೇಲೆ ಪುಸ್ತಕ ನೋಡಿದರೆ ಅದೇ ಬರೆದಿತ್ತು. ಗಾಳಿಯನ್ನು ಹಿಚುಕಬಹುದು, ಎಣ್ಣೆಯನ್ನು ಹಿಚುಕಲು ಬರುವುದಿಲ್ಲ. ಸಿಲಿಂಡರ್ ತುಂಬ ಎಣ್ಣೆ ನಿಂತಾಗ ಬಲವಂತ ಮಾಡಿದರೆ ಒಳಗಿನ ಕಡ್ಡಿ ಬಾಗುತ್ತದೆ. ನೆತ್ತಿಯ ಕಡ್ಡಿ ಸಡಿಲಿಸಿ, ತೊಟ್ಟಿಲನ್ನು ಬೋರಲು ಹಿಡಿದು, ಫ್ಯಾನು ಮೆಲ್ಲಗೆ ತಿರುಗಿಸಿ ಎಣ್ಣೆ ಕಕ್ಕಿಸಿದೆವು. ಹೆಂಡತಿ ಪಡಸಾಲೆಯಿಂದಲೇ ಕೇಳಿದಳು: "ಪುಸ್ತಕದಾಗ ಏನ್ ಬರದಿತ್ತು?"

ಹನ್ನೆರಡನೇ ದಿನ ಬೆಳಿಗ್ಗೆ ಚಿಂದಿ ಬಟ್ಟೆಯ ಮೇಲೆ ಬಿದ್ದ ಎಣ್ಣೆ ಜೇನಿನ ಬಣ್ಣಕ್ಕಿತ್ತು. ಅಳಿಯ ಸೂಜಿ ಬಿಗಿದ, ತೊದಲು ನಿಂತಿತು. ಹಿಚುಕು ತುಸು ಸಡಿಲಿಸಿದ, ಒಳಗಿನ ಕಟಕಟ ನಿಂತಿತು. ಆಮೇಲೆ ಬಂದ ದನಿಯನ್ನು ವರ್ಣಿಸಲು ನನಗೆ ಬರುವುದಿಲ್ಲ. ಒಂದು ಗೀರಿಲ್ಲದ, ಒಂದೇ ಎಳೆಯ ನಾದ. ಐದು ನಿಮಿಷ ಅಲುಗಲಿಲ್ಲ. ಮಾವ ಬಿಳಿ ಒಂದರ ಮೇಲೆ ಬೆರಳಿಟ್ಟು ಒತ್ತಿ ಹಿಡಿದರು. ಹಾರ್ಮೋನಿಯಂ ಯಾವುದು, ಇಂಜಿನ್ ಯಾವುದು ತಿಳಿಯದಂತೆ ಎರಡೂ ಬೆರೆತವು. 7,850 ಸುತ್ತು ಅಂತ ಅಳಿಯ ಪಿಸುಗುಟ್ಟಿದ. "ಷಡ್ಜ" ಅಂತ ಮಾವ ಕಣ್ಣೊರೆಸಿಕೊಂಡರು. ಈಥರಿನ ಉರಿಯೂ ಇದ್ದೀತು.

ಹನ್ನೆರಡನೇ ದಿನ ಅಂದಮೇಲೆ ಹೆಸರಿಡದೆ ಬಿಡುವುದುಂಟೇ. ಅವ್ವ ಗುಗ್ಗರಿ ಹಂಚಿದಳು. ಹೆಸರು ಮಾವನದು: ಗಂಧರ್ವ. ಭೀಮಸೇನರು ಕಾರು ಬಿಟ್ಟರೆ ಗಾಳಿ, ವಿಮಾನ ಹತ್ತಿದರೆ ಇಳಿಯುವುದೇ ಇಲ್ಲ ಅಂತ ಪುಣೆ ಕಡೆಯವರು ಸವಾಯಿ ಗಂಧರ್ವರ ಶಿಷ್ಯನನ್ನು ತಮಾಷೆಗೆ 'ಹವಾಯಿ ಗಂಧರ್ವ' ಅನ್ನುತ್ತಿದ್ದರಂತೆ. ಇದೂ ಅದೇ ಘರಾಣೆ ಅಂತ ಮಾವನ ವಾದ.

ಗುಗ್ಗರಿ ತಿಂದು ಕೈ ಒರೆಸಿಕೊಂಡ ಪಂಚಾಯ್ತಿ ಸದಸ್ಯರು ಸುತ್ತ ನೋಡಿ ಕೇಳಿದರು: "ಎಲ್ಲಾ ಛಲೋ ಆತು. ಇಮಾನ ಎಲ್ಲೈತಿ?"

ಅಳಿಯ ನನ್ನ ಮುಖ ನೋಡಿದ. ನಾನು ಮಾವನ ಮುಖ ನೋಡಿದೆ. ಮಾವ ಹಾರ್ಮೋನಿಯಂ ಮುಚ್ಚಿದರು.

ವಿಮಾನ ಮಾಡುವುದು ಬಾಲ್ಸಾ ಎಂಬ ಹಗುರ ಮರದಲ್ಲಿ, ಅದು ಬಹುಪಾಲು ಬರುವುದು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದಿಂದ, ಅದಕ್ಕೆ ದುಡ್ಡು ಬರಬೇಕಾದದ್ದು ಅವರಪ್ಪನಿಂದ, ಅವರಪ್ಪನಿಗೆ ಇನ್ನೂ ವಿಷಯ ತಿಳಿದಿಲ್ಲ ಅಂತ ಅಳಿಯ ಒಂದೇ ಉಸಿರಿನಲ್ಲಿ ಹೇಳಿದ.

ಅವ್ವ ಆಗಲೇ ಎದ್ದು ಬಣವಿಯ ಕಡೆ ನಡೆದಿದ್ದಳು. ಈ ವರ್ಷದ ಬಿಳಿಜೋಳದ ಕಣಿಕೆ. ನಾವೆಲ್ಲ ಸಣ್ಣವರಿದ್ದಾಗ ಅದರ ದಂಟು ಸುಲಿದು, ಒಳಗಿನ ಬೆಂಡು ಚುಚ್ಚಿ ಅವಳೇ ನಮಗೆ ಬಂಡಿ, ಎತ್ತು, ಕನ್ನಡಕ ಮಾಡಿಕೊಡುತ್ತಿದ್ದಳು. ನೆಟ್ಟಗಿದ್ದ ಒಂದು ದಂಟನ್ನು ಎಳೆದು, ಅಂಗೈಯಲ್ಲಿಟ್ಟು ತೂಗಿ, ಬೇಡವೆಂದು ಎಸೆದು, ಇನ್ನೊಂದು ಎಳೆದಳು.

"ರೆಕ್ಕಿ ಎಷ್ಟ ಉದ್ದ ಬೇಕೋ ತಮ್ಮಾ?"

ಅಳಿಯ ಮೊಳ ಹಾಕಿ ತೋರಿಸತೊಡಗಿದ.